ಉಪ್ಪು ಉಂಡ ಗೂಡು

ಮೊನ್ನೆ ಹುಣಸೂರಿಗೆ ಹೋಗಿದ್ದೆ. ಬಸ್ಸು ತಡ ಅಂದರು. ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ, ಲಕ್ಷ್ಮಣತೀರ್ಥದ ದಂಡೆ ಕಡೆ ನಡೆದೆ. ನಾವು ಒಂದು ಕಾಲದಲ್ಲಿ ಮಣ್ಣಿನ ಕೆಲಸ ಕಲಿತ ಶೆಡ್ಡು ಇನ್ನೂ ಅಲ್ಲೇ ಇದೆ. ಈಗ ಅದರೊಳಗೆ ಯಾರೋ ಹೊಗೆಸೊಪ್ಪಿನ ಮೂಟೆ ತುಂಬಿದ್ದಾರೆ. ಹಿಂದುಗಡೆ ಪಾತ್ರೆ ಸುಡುತ್ತಿದ್ದ ಇಟ್ಟಿಗೆ ಗೂಡು ಒಂದು ಮಗ್ಗುಲಿಗೆ ಕುಸಿದಿದೆ, ಅದರ ಮೇಲೆ ಮೇಕೆಯೊಂದು ನಿಂತಿತ್ತು. ಸೌದೆ ತುರುಕುತ್ತಿದ್ದ ಬಾಯೊಳಗೆ ತಲೆ ಹಾಕಿ ನೋಡಿದೆ. ಒಳಗಿನ ಇಟ್ಟಿಗೆಗಳು ತುಪ್ಪ ಸವರಿದ ಹಾಗೆ ಹೊಳೆಯುತ್ತಿದ್ದವು. ಉಗುರಿನಿಂದ ಕೆರೆದೆ, ಏಳಲಿಲ್ಲ. ಇಟ್ಟಿಗೆಗೆ ಗಾಜಿನ ಚರ್ಮ ಬಂದಿತ್ತು. ಅದನ್ನು ಯಾರೂ ಬಳಿದದ್ದಲ್ಲ. ಅದು ಬಂದ ಹೊತ್ತಿನಲ್ಲಿ ನಾನು ಆ ಬಾಯಿಂದ ಸ್ವಲ್ಪ ದೂರದಲ್ಲೇ ಕೆಮ್ಮುತ್ತಾ ನಿಂತಿದ್ದೆ. ಹೇಗಾಯಿತು ಅಂತ ಬರೆದಿಡುತ್ತೇನೆ.

ನಮ್ಮೂರು ರಾವಂದೂರಿನ ಹತ್ತಿರ. ನಾವು ಕುಂಬಾರರು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಮಾದಶೆಟ್ಟಿ ತಿಗರಿ ತಿರುಗಿಸುತ್ತಿದ್ದ. ನಾನು ಮಣ್ಣು ತುಳಿದು ಹದ ಮಾಡಿ, ಅವನು ಇಳಿಸಿದ್ದನ್ನು ತಟ್ಟುತ್ತಿದ್ದೆ. ತಟ್ಟುವುದು ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ತಿಗರಿಯಿಂದ ಇಳಿಯುವ ಮಡಕೆಗೆ ತಳ ಇರುವುದಿಲ್ಲ, ಗೋಡೆಯೂ ದಪ್ಪ. ಅದು ಅರೆಬರೆ ಒಣಗಿದ ಮೇಲೆ ಒಳಗೆ ಒಂದು ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆ ಬರಿಸಬೇಕು, ತಳ ಕೂಡಿಸಬೇಕು. ಬೆಳಗಿನಿಂದ ಸಂಜೆವರೆಗೆ ನಮ್ಮ ಬೀದಿಯಲ್ಲಿ ಅದೇ ಸದ್ದು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಬರುತ್ತಿದ್ದ ವಿದ್ಯೆ ಅದೊಂದೇ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿರಬಹುದು. ಸಂತೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಬಂದು ಕೂತಿತ್ತು. ಒಡೆಯುವುದಿಲ್ಲ, ಹಗುರ, ಬೇಗ ಕಾಯುತ್ತದೆ. ಹೆಂಗಸರು ನಮ್ಮ ಮಡಕೆಗಳನ್ನು ಬೆರಳಲ್ಲಿ ಬಡಿದು ನೋಡಿ ಆ ಕಡೆ ಹೋಗುತ್ತಿದ್ದರು. ಯಾರಾದರೂ ನಮ್ಮ ಮುಂದೆ ನಿಂತರೆ ಕೇಳುತ್ತಿದ್ದುದು ಒಂದೇ ಮಾತು.

"ಉಪ್ಪಿನ್ಕಾಯ್ಗೆ ಜಾಡಿ ಅವ್ಯೇನಪ್ಪ?"

ಇರಲಿಲ್ಲ. ಅಲ್ಯೂಮಿನಿಯಮ್ಮಿಗೆ ಉಪ್ಪು ಹುಳಿ ಆಗುವುದಿಲ್ಲ, ತೂತು ಬೀಳುತ್ತದೆ. ಮಣ್ಣಿನ ಮಡಕೆಗಂತೂ ಉಪ್ಪು ಹಗೆ. ಒಳಗಿನ ಉಪ್ಪು ತೇವ ಹಿಡಿದು ಗೋಡೆಗೆ ಇಳಿಯುತ್ತದೆ, ಹೊರಗೆ ಬೆವರಿನ ಹಾಗೆ ಒಸರಿ ಬಿಳಿಗಟ್ಟುತ್ತದೆ. ಆಮೇಲೆ ಮಡಕೆಯ ಮೈ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಒಂದು ದಿನ ಎತ್ತಲು ಹೋದರೆ ಕಂಠ ಮಾತ್ರ ಕೈಗೆ ಬರುತ್ತದೆ. ಅದಕ್ಕೇ ಅನುಕೂಲಸ್ಥರು ಮೈಸೂರಿನಿಂದ ಪಿಂಗಾಣಿ ಜಾಡಿ ತರಿಸುತ್ತಿದ್ದರು. ಉಳಿದವರು ವರ್ಷಕ್ಕೊಂದು ಮಡಕೆ ಉಪ್ಪಿಗೆ ಬಲಿ ಕೊಡುತ್ತಿದ್ದರು.

ಸುಗ್ಗಿ ಮುಗಿಯುವ ಹೊತ್ತಿಗೆ ಕೊಡಗಿನ ಕಾಫಿ ತೋಟದ ಮೇಸ್ತ್ರಿಯೊಬ್ಬ ಊರಿಗೆ ಬಂದ. ಯುಗಾದಿ ಕಳೆದ ಮೇಲೆ ಲಾರಿ ಕಳಿಸುತ್ತೇನೆ, ಮನೆಮಂದಿಯೆಲ್ಲ ಬರಬಹುದು, ಕೂಲಿ ಕೆಲಸ ಇದೆ, ಇರಲು ಸಾಲಾಗಿ ಕಟ್ಟಿದ ಲೈನು ಮನೆ ಕೊಡುತ್ತಾರೆ ಅಂದ. ಅಣ್ಣ ಆ ಕ್ಷಣಕ್ಕೇ ಒಪ್ಪಿಬಿಟ್ಟ.

"ಅಲ್ಲೋಗಿ ಏನ್ಮಾಡೀಯೆ?" ಅವ್ವ ಕೇಳಿದಳು.

"ಗುಂಡಿ ತೋಡ್ತೀನಿ. ಇಲ್ಲೂ ಮಣ್ಣೇ ಅಗೀತಿವ್ನಿ, ಅಲ್ಲೂ ಮಣ್ಣೇ ಅಗೀತೀನಿ."

"ನಿಮ್ಮಪ್ಪ ಕೂತ ಜಾಗ ಕಣಪ್ಪ ಇದು."

"ಅಪ್ಪ ಕೂತಾಗ ಅಲ್ಮಿನಿ ಇರ್ನಿಲ್ಲ ಕಣವ್ವ."

ಅದೇ ವಾರ ಗ್ರಾಮಸೇವಕರು ಸೈಕಲ್ಲಿನಲ್ಲಿ ಬಂದು, ಹುಣಸೂರಿನಲ್ಲಿ ಕುಂಬಾರರಿಗೆ ಸರ್ಕಾರದ ಶಿಬಿರ ನಡೆಯುತ್ತದೆ, ಪಿಂಗಾಣಿ ಥರ ಮೆರುಗು ಕೊಡುವುದು ಕಲಿಸುತ್ತಾರೆ, ಊಟ ಅಲ್ಲೇ, ಅಂತ ಹೇಳಿಹೋದರು. ನಾನು ಹೋಗುತ್ತೇನೆ ಅಂದೆ. ಅಣ್ಣ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡ.

"ನೋಡ್ಲಾ ರಂಗ. ಉಪ್ಪಾಕುದ್ರೆ ಬೆವರ್ದೇ ಇರೋ ಜಾಡಿ, ಒಂದೇ ಒಂದು, ನಿನ್ ಕೈಯಾರೆ ಮಾಡ್ಕಂಡ್ ಬಾ. ಲಾರಿ ಬರೋವತ್ಗೆ ಅದು ಈ ಜಗ್ಲಿ ಮ್ಯಾಲೆ ಇರ್ಬೇಕು. ಇದ್ರೆ ನಾನು ಲಾರಿ ಅತ್ತಕಿಲ್ಲ. ಇಲ್ದೇ ಓದ್ರೆ ತಿಗರಿ ಒಡ್ದು ಒಲೆಗಾಕ್ಬುಟ್ಟು ಎಲ್ರೂ ಓಗದೆ. ಆಮ್ಯಾಲೆ ಮಕ ಊದುಸ್ಕಬ್ಯಾಡ."

"ದಿಟ್ವಾಗ್ಲೂ ಒಡ್ದಾಕಿಯಾ?"

"ನಾನ್ಯಾವತ್ಲಾ ಸುಮ್ಸುಮ್ನೆ ಮಾತಾಡಿರದು?"

ಅದು ನಿಜ. ಅವನು ಸುಮ್ಮನೆ ಮಾತಾಡುವವನಲ್ಲ.

ಸಂಕ್ರಾಂತಿ ಕಳೆದು ಶಿಬಿರಕ್ಕೆ ಸೇರಿದೆ. ಚಳಿಗಾಲದ ಕೊನೆ. ಬೆಳಿಗ್ಗೆ ಹೊಳೆ ಕಡೆಯಿಂದ ಮಂಜು, ಮಧ್ಯಾಹ್ನ ಒಣಗಾಳಿ. ಆ ಗಾಳಿಗೆ ಮಣ್ಣು ಒಂದು ಪಕ್ಕ ಬೇಗ ಒಣಗಿ ಬಿರುಕು ಬಿಡುತ್ತಿತ್ತು, ನಮ್ಮ ತುಟಿಯೂ ಹಾಗೇ. ನಾಲ್ಕು ತಾಲೂಕಿನ ಕುಂಬಾರರ ಹುಡುಗರು ಬಂದಿದ್ದರು. ನನ್ನ ಪಕ್ಕದ ಚಾಪೆ ಚುಂಚನಕಟ್ಟೆಯ ಸಣ್ಣಪ್ಪನದು. ಅವನ ಬಾಯಿ ಮಲಗಿದಾಗಲೂ ನಿಲ್ಲುತ್ತಿರಲಿಲ್ಲ.

ಕಲಿಸುವ ಮೇಷ್ಟ್ರು ಕುಂಞಿರಾಮನ್. ಮಲಬಾರಿನವರು. ಕರಾವಳಿಯಲ್ಲಿ ಚರಂಡಿ ಪೈಪು ಮಾಡುವ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಸರ್ಕಾರದ ಕೆಲಸಕ್ಕೆ ಬಂದವರು. ಬಿಳಿ ಪಂಚೆಯನ್ನು ಮೊಣಕಾಲ ಮೇಲಕ್ಕೆ ಕಟ್ಟುತ್ತಿದ್ದರು. ದಿನವಿಡೀ ಕೆಸರಲ್ಲಿ ಕೂತು ಎದ್ದರೂ ಆ ಪಂಚೆ ಬೆಳ್ಳಗೇ ಇರುತ್ತಿತ್ತು. ಹೇಗೆ ಅಂತ ಕೊನೆಗೂ ನಮಗೆ ಗೊತ್ತಾಗಲಿಲ್ಲ.

ಮೊದಲ ದಿನವೇ ಜಗಳ ಆಯಿತು. ಅಲ್ಲಿದ್ದುದು ಕಾಲಲ್ಲಿ ಒದ್ದು ತಿರುಗಿಸುವ ತಿಗರಿ. ನಮ್ಮಲ್ಲಿ ತಿಗರಿಯನ್ನು ಕೋಲಿನಿಂದ ತಿರುಗಿಸುತ್ತೇವೆ, ಬೆಳಿಗ್ಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಕೆಲಸ ಶುರು ಮಾಡುತ್ತೇವೆ. ಕಾಲು ತಗುಲಿದರೆ ಅಪ್ಪ ಬೆನ್ನಿಗೆ ಬಾರಿಸುತ್ತಿದ್ದ. ಒದೆಯಿರಿ ಅಂದರೆ ಯಾರೂ ಒದೆಯಲಿಲ್ಲ.

"ದೇವ್ರನ್ನ ಎಂಗ್ ಸಾ ಒದೆಯದು?" ಅಂದ ಸಣ್ಣಪ್ಪ.

ಮೇಷ್ಟ್ರು, "ಮಗು ಅಮ್ಮನ ಹೊಟ್ಟೆಯಲ್ಲಿ ಒದೆಯೋದಿಲ್ಲವಾ? ಅಮ್ಮನಿಗೆ ಸಿಟ್ಟು ಬರ್ತದಾ?" ಅಂದರು.

ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ತಪ್ಪಾಯಿತು ಅಂತ ಕೈಮುಗಿದು ಒಂದೊಂದೇ ತಿಗರಿ ಹತ್ತಿದೆವು. ಸಣ್ಣಪ್ಪ ಮಾತ್ರ ಕೊನೆವರೆಗೂ ಪ್ರತಿ ಸಲ ಒದ್ದ ಮೇಲೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅಷ್ಟರಲ್ಲಿ ತಿಗರಿ ನಿಂತೇ ಹೋಗುತ್ತಿತ್ತು.

"ಒಸಿ ಬೇಗ ಮುಗ್ಸಲಾ ನಿನ್ ಪೂಜೆಯ," ಅಂದೆ ನಾನು.

"ನಿನ್ ಮಡ್ಕೆ ಅಂಗೆ ಸೊಟ್ಟಗ್ ಬರಕ್ಕಿಂತ ಪೂಜೆ ಮಾಡದೇ ವಾಸಿ ಕಣ್ಲಾ," ಅಂದ.

ಸೊಟ್ಟಗೆ ಬರುತ್ತಿದ್ದುದು ನಿಜ. ಕೋಲಿನ ತಿಗರಿ ಬಲಕ್ಕೆ ಸುತ್ತುತ್ತದೆ, ಒದೆಯುವ ತಿಗರಿ ಎಡಕ್ಕೆ. ಹುಟ್ಟಿದಾಗಿನಿಂದ ಒಂದು ಕಡೆಯಿಂದ ಬರುವುದನ್ನೇ ನೋಡಿದ್ದ ಮಣ್ಣು ಈಗ ಇನ್ನೊಂದು ಕಡೆಯಿಂದ ಬಂದು ಕೈಗೆ ಹೊಡೆಯುತ್ತಿತ್ತು. ಅಣ್ಣನನ್ನು ನೋಡಿ ಕಲಿತದ್ದೆಲ್ಲ ಉಲ್ಟಾ. ಅದೂ ಸಾಲದು ಅಂತ, ಇಲ್ಲಿ ತಟ್ಟುವ ಹಾಗಿಲ್ಲ. ತಳ, ಗೋಡೆ, ಹೊಟ್ಟೆ ಎಲ್ಲ ತಿಗರಿಯ ಮೇಲೇ ಆಗಬೇಕು. ತಟ್ಟಿದ ಮೈ ಏರುಪೇರು ಇರುತ್ತದೆ, ಮೆರುಗು ಒಂದೇ ಸಮ ಕೂರುವುದಿಲ್ಲ ಅಂತ ಮೇಷ್ಟ್ರ ಮಾತು. ನನ್ನ ಕೈ ಕೇಳುತ್ತಿರಲಿಲ್ಲ. ದಪ್ಪ ಮಾಡಿ ಇಳಿಸುತ್ತಿದ್ದೆ, ಆಮೇಲೆ ಕದ್ದು ಹಲಗೆ ತಗೊಂಡು ತಟ್ಟುತ್ತಿದ್ದೆ. ಮೇಷ್ಟ್ರಿಗೆ ಆ ಸದ್ದು ಎಲ್ಲಿದ್ದರೂ ಕೇಳುತ್ತಿತ್ತು.

"ಶೆಟ್ಟೀ, ಹೊಡೆಯಬೇಡ. ಎತ್ತು."

"ಎತ್ತುದ್ರೆ ಕುಸಿತದೆ ಸಾ."

"ಕುಸಿಯಲಿ. ಕುಸಿದ ಮೇಲೆ ಮತ್ತೆ ಎತ್ತು."

ಒಂದು ಮಧ್ಯಾಹ್ನ ಅವರೇ ನನ್ನ ತಿಗರಿಗೆ ಕೂತರು. ನಮ್ಮ ಕೆರೆಮಣ್ಣು ಹೆಚ್ಚು ಬೆಂಕಿ ತಡೆಯುವುದಿಲ್ಲ, ಕರಗಿ ಕೂತುಬಿಡುತ್ತದೆ. ಅದಕ್ಕೆ ಲಾರಿಯಲ್ಲಿ ಬಂದ ಬಿಳಿ ಮಣ್ಣು ಬೆರೆಸಿ ಹದ ಮಾಡಿದ್ದರು. ತೆಂಗಿನಕಾಯಿ ಗಾತ್ರದ ಉಂಡೆ ಇಟ್ಟರು, ಒದ್ದರು, ಎರಡು ಕೈ ಮುಚ್ಚಿ ಹಿಡಿದರು. ಅಲ್ಲಾಡುತ್ತಿದ್ದ ಉಂಡೆ ಅಲ್ಲಾಡದೆ ನಿಂತಿತು. ತಿರುಗುತ್ತಿದೆಯೋ ಇಲ್ಲವೋ ಹೇಳಲಾಗದಷ್ಟು ಸುಮ್ಮನೆ. ಹೆಬ್ಬೆರಳು ಒಳಗಿಳಿಸಿ ಬಾಯಿ ತೆರೆದರು. ಒಂದು ಕೈ ಒಳಗೆ, ಒಂದು ಕೈ ಹೊರಗೆ, ಕೆಳಗಿನಿಂದ ನಿಧಾನ ಮೇಲೆ ಬಂದರು. ಕೈಯ ಹಿಂದೆ ಗೋಡೆ ಎದ್ದು ಬಂತು. ಇನ್ನೊಮ್ಮೆ ಕೆಳಗಿನಿಂದ ಬಂದರು. ಇನ್ನೂ ಎದ್ದಿತು. ಎಲ್ಲಿತ್ತು ಅಷ್ಟು ಮಣ್ಣು ಅಂತ ನಾನು ಬಗ್ಗಿ ನೋಡಿದೆ. ಮೊಳದುದ್ದ ಗೋಡೆ, ಒಬ್ಬಟ್ಟಿನಷ್ಟು ತೆಳು. ಒಂದು ಏಟು ಬಿದ್ದಿರಲಿಲ್ಲ. ನಾನು ಹುಟ್ಟು ಕುಂಬಾರ. ಮಣ್ಣು ಹಾಗೆ ಏಳುವುದನ್ನು ಆವರೆಗೆ ನೋಡಿರಲಿಲ್ಲ. ಸಣ್ಣಪ್ಪನ ಬಾಯಿ ಕೂಡ ಆವತ್ತು ನಿಂತಿತು.

ಮೇಷ್ಟ್ರು ಎದ್ದು, ಆ ಚೆಂದದ ಜಾಡಿಯನ್ನು ಹಿಚುಕಿ ಮತ್ತೆ ಉಂಡೆ ಮಾಡಿ ನನ್ನ ಮುಂದಿಟ್ಟು ಹೋದರು.

ಮಾಘ ಮಾಸವೆಲ್ಲ ಆ ಉಂಡೆಯ ಜೊತೆ ಕಳೆಯಿತು. ಕುಸಿಯುತ್ತಿತ್ತು, ಎತ್ತುತ್ತಿದ್ದೆ. ಒಂದು ಬೆಳಿಗ್ಗೆ, ಯಾಕೆ ಅಂತ ಗೊತ್ತಿಲ್ಲ, ಕೈ ಗುದ್ದಾಡುವುದನ್ನು ಬಿಟ್ಟಿತು. ಮಣ್ಣು ಎಡದಿಂದ ಬಂತು, ಬೆರಳು ದಾರಿ ಕೊಟ್ಟಿತು, ಗೋಡೆ ಎದ್ದಿತು. ಮೇಷ್ಟ್ರು ದೂರದಿಂದ ನೋಡಿ, ಪಂಚೆ ಎತ್ತಿ ಕಟ್ಟಿ ಬೇರೆ ಕಡೆ ಹೋದರು. ಆವತ್ತು ನನಗೆ ಹಸಿವೇ ಆಗಲಿಲ್ಲ.

ಅಲ್ಲಿಂದ ಮುಂದೆ ನನಗೆ ಜಾಡಿ ಬಿಟ್ಟು ಬೇರೆ ಕೆಲಸ ಇರಲಿಲ್ಲ. ಬೇರೆಯವರು ಹೂಜಿ, ತಟ್ಟೆ, ಚಹಾ ಕುಡಿಯುವ ಬಟ್ಟಲು ಅಂತ ಮಾಡುತ್ತಿದ್ದರು. ನಾನು ಜಾಡಿ, ಜಾಡಿ, ಜಾಡಿ. ಕೆಲವು ಒಣಗುವಾಗ ಬಿರಿದವು. ಕೆಲವು ಮೊದಲ ಸುಡುವಿಕೆಯಲ್ಲಿ ಹೋದವು. ಸುಟ್ಟು ಸರಿಯಾಗಿ ಉಳಿದದ್ದು ಒಂದು. ಸುಡದೆ ಹಸಿಯಾಗಿ ಉಳಿದದ್ದು ಇನ್ನೊಂದು. ಅದರ ಭುಜ ಸ್ವಲ್ಪ ವಾಲಿತ್ತು.

ಮೆರುಗು ಅನ್ನುವುದು ನೋಡಲು ಏನೂ ಅಲ್ಲ. ಡ್ರಮ್ಮಿನಲ್ಲಿ ಸುಣ್ಣದ ನೀರಿನ ಹಾಗೆ ಒಂದು ಬಗ್ಗಡ. ಒಂದು ಸಲ ಸುಟ್ಟ ಪಾತ್ರೆಯನ್ನು ಅದರಲ್ಲಿ ಅದ್ದಿ ತೆಗೆದರೆ ಮೈಗೆ ಬಿಳಿ ಪುಡಿ ಅಂಟುತ್ತದೆ. ಬೆರಳಿಟ್ಟರೆ ಉದುರುತ್ತದೆ. ಇದೇನು ಮೆರುಗು ಅಂತ ನಾವು ನಕ್ಕಿದ್ದೆವು. ಮೇಷ್ಟ್ರು ಒಂದು ಬಿಲ್ಲೆಗೆ ಬಳಿದು ಸಣ್ಣ ಗೂಡಿನಲ್ಲಿ ಸುಟ್ಟು ತೋರಿಸಿದರು. ಪುಡಿ ಹೋಗಿ ಗಾಜು ಬಂದಿತ್ತು. ಹಸಿರು ಗಾಜು, ಒಳಗೆ ಕೆರೆಯ ತಳದ ಹಾಗೆ ಆಳ. ಸುಣ್ಣದಂಥದ್ದು ನೀರಿನಂತಾಗಿ, ಆ ನೀರು ಕಲ್ಲಾಗಿ ಕೂತಿತ್ತು. ಬಿಲ್ಲೆ ಕೈಯಿಂದ ಕೈಗೆ ಹೋಯಿತು. ಯಾರೂ ಬೇಗ ಕೊಡಲು ಒಪ್ಪಲಿಲ್ಲ.

ನನ್ನ ಒಳ್ಳೆ ಜಾಡಿಯನ್ನು ಅದ್ದುವ ದಿನ ಮೇಷ್ಟ್ರು ಎಲ್ಲರಿಗೂ ಹೇಳಿದರು, ತಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಲ್ಲಿ ಮೆರುಗು ಇರಬಾರದು. ಕುಂಬಾರನಾದವನಿಗೆ ಮಡಕೆ ಮೊದಲು ಬೆವರುವುದು ತಳದಲ್ಲಿ ಅಂತ ಗೊತ್ತು. ತಳ ಒರೆಸಿದರೆ ಉಪ್ಪು ಇಳಿಯದೆ ಇರುತ್ತದೆಯೇ? ನಾನು ಒರೆಸಲಿಲ್ಲ. ಇನ್ನೊಂದು ಕೈ ಬಳಿದೆ.

ದೊಡ್ಡ ಗೂಡು ಯುಗಾದಿಗೆ ಮುಂಚೆ ಹೊತ್ತಬೇಕಿತ್ತು. ವೀರನಹೊಸಹಳ್ಳಿ ಕಡೆಯಿಂದ ಸೌದೆ ಗಾಡಿ ಬರುವುದು ತಡವಾಯಿತು, ದಾರಿಯಲ್ಲಿ ಆನೆ ನಿಂತಿತ್ತಂತೆ. ಕೊನೆಗೆ ಯುಗಾದಿಗೆ ಎರಡು ವಾರ ಇರುವಾಗ ಬಂತು. ಮೆರುಗಿನ ಪಾತ್ರೆಗಳನ್ನೆಲ್ಲ ಗೂಡೊಳಗೆ ಮೇಲಿನ ಸುಟ್ಟಮಣ್ಣಿನ ಹಲಗೆಗಳಲ್ಲಿ ಜೋಡಿಸಿ, ಬೆಂಕಿಯ ಬಾಯಿಗೆ ಎದುರಾಗಿ ಜಾಗ ಖಾಲಿ ಉಳಿದಿದ್ದನ್ನು ನೋಡಿ ಮೇಷ್ಟ್ರು, "ಶೆಟ್ಟೀ, ಆ ವಾಲಿದ ಜಾಡಿ ತಾ, ಇಲ್ಲಿ ನಿಲ್ಲಲಿ, ಜ್ವಾಲೆಗೆ ಅಡ್ಡ ಆಗ್ತದೆ," ಅಂದರು. ಮೆರುಗು ಕಾಣದ ಹಸಿ ಜಾಡಿ ಬೆಂಕಿಗೆ ಮುಖ ಕೊಟ್ಟು ನಿಂತಿತು.

ಸಂಜೆ ಸಣ್ಣಗೆ ಹೊತ್ತಿಸಿ, ಮರುದಿನ ಬೆಳಿಗ್ಗೆಯಿಂದ ಜೋರು ಮಾಡಿದೆವು. ನಮ್ಮ ಹಳ್ಳಿಯಲ್ಲಿ ಮಡಕೆ ಸುಡುವ ಆವಿಗೆಯಲ್ಲಿ ಮೈ ಕೆಂಪಾದರೆ ಮುಗಿಯಿತು. ಇಲ್ಲಿ ಕೆಂಪು ಹೋಗಿ ಕಿತ್ತಳೆ ಆಯಿತು, ಅದೂ ಹೋಗಿ ಹಳದಿ, ಆಮೇಲೆ ಬಿಳುಪು. ಸಣ್ಣ ಕಿಂಡಿಯಲ್ಲಿ ನೋಡಿದರೆ ಪಾತ್ರೆ ಎಲ್ಲಿ, ಬೆಂಕಿ ಎಲ್ಲಿ ಅಂತ ಬೇರೆ ಮಾಡಲಾಗುತ್ತಿರಲಿಲ್ಲ. ಒಳಗೆ ಮೇಷ್ಟ್ರು ಮಣ್ಣಿನ ಸಣ್ಣ ಮೊಳೆಗಳನ್ನು ನಿಲ್ಲಿಸಿದ್ದರು. ಕಾವು ಸಾಕಾದಾಗ ಅವು ತಾವಾಗಿ ತಲೆ ಬಗ್ಗಿಸುತ್ತವೆ. ಮಧ್ಯಾಹ್ನ ಕೊನೆಯ ಮೊಳೆ ಬಗ್ಗಿತು. ದೇವರ ಮುಂದೆ ಬಗ್ಗಿದ ಹಾಗೆ, ನಿಧಾನ. ಮೇಷ್ಟ್ರು, "ಸ್ವಲ್ಪ ಹೊತ್ತು ಹೀಗೇ ಇರಲಿ," ಅಂತ ಹೇಳಿ ಮುಖ ತೊಳೆಯಲು ಹೊಳೆಗೆ ಇಳಿದರು.

ಆ ಬೆಳಿಗ್ಗೆಯೇ ಅವ್ವ ಬಂದಿದ್ದಳು. ಮಗನ ಆವಿಗೆ ಸುಡುತ್ತದೆ ಅಂತ ಕೇಳಿ, ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದ್ದಳು. ಬೆಳಿಗ್ಗೆಯಿಂದ ಸೆರಗು ಬಾಯಿಗೆ ಮುಚ್ಚಿ ಗೂಡನ್ನೇ ನೋಡುತ್ತಿದ್ದಳು. ಊರಿನ ಜನ, ಶಾಲೆಯ ಮಕ್ಕಳು, ಆಫೀಸಿನವರು ಬಂದು ಏನು ಬೆಂಕಿ, ಏನು ಬೆಂಕಿ ಅಂತ ಹೊಗಳಿ ಹೋಗುತ್ತಿದ್ದರು. ಅದು ಅವಳಿಗೆ ಸರಿಬರಲಿಲ್ಲ.

ನಮ್ಮ ಮನೆಗಳಲ್ಲಿ ಆವಿಗೆ ಉರಿಯುವಾಗ ಮನೆಯ ಹೆಂಗಸು ಒಂದು ಮುಷ್ಟಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕುತ್ತಾಳೆ, ದೃಷ್ಟಿ ಆಗಬಾರದು ಅಂತ. ಅಜ್ಜಿ ಹಾಕುತ್ತಿದ್ದಳು, ಅವ್ವ ಹಾಕುತ್ತಾಳೆ. ಉಪ್ಪು ಚಟಚಟ ಅನ್ನುತ್ತದೆ, ಎಲ್ಲರಿಗೂ ಸೀನು ಬರುತ್ತದೆ, ಅಷ್ಟೆ. ಅವ್ವ ಶಿಬಿರದ ಅಡಿಗೆಯವನ ಹತ್ತಿರ ಉಪ್ಪು ಕೇಳಿದ್ದಾಳೆ. ಅವನು ಮೊರದಲ್ಲಿ ತೋರಿಸಿದ್ದಾನೆ. ಅವಳು ಮೊರವನ್ನೇ ಎತ್ತಿಕೊಂಡು ಬಂದಿದ್ದಾಳೆ. ನಾವು ಸೌದೆ ಕಡೆ ತಿರುಗಿದ್ದೆವು. ತಿರುಗಿ ನೋಡುವ ಹೊತ್ತಿಗೆ ಮೂರು ಸುತ್ತು ನಿವಾಳಿಸಿ, ಮೊರದಷ್ಟೂ ಕಲ್ಲುಪ್ಪನ್ನು ಬೆಂಕಿಯ ಬಾಯಿಗೆ ಸುರಿದಾಗಿತ್ತು.

ಒಳಗೆ ಮದ್ದು ಸಿಡಿದ ಹಾಗೆ ಸದ್ದಾಯಿತು. ಚಿಮಣಿಯಿಂದ ಬಿಳಿ ಹೊಗೆ ಎದ್ದು ಬಗ್ಗಿ ನಮ್ಮ ಮೇಲೇ ಇಳಿಯಿತು. ಮೂಗು ಗಂಟಲು ಸುಟ್ಟಹಾಗಾಯಿತು. ಎಲ್ಲರೂ ಕೆಮ್ಮುತ್ತಾ ಓಡಿದೆವು. ಮೇಷ್ಟ್ರು ಒದ್ದೆ ಮುಖದಲ್ಲೇ ಹೊಳೆಯಿಂದ ಓಡಿಬಂದು ಮಲಯಾಳದಲ್ಲಿ ಏನೇನೋ ಅಂದರು. ಆಮೇಲೆ ಕನ್ನಡಕ್ಕೆ ಬಂದರು.

"ಯಾರು ಉಪ್ಪು ಹಾಕಿದ್ದು?"

"ನಾನು ಕಣಪ್ಪ," ಅಂದಳು ಅವ್ವ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಜಗ್ಗಲಿಲ್ಲ. "ಬೆಳಗಿಂದ ಎಷ್ಟ್ ಜನದ್ ಕಣ್ಣು ಬಿತ್ತು. ಅದ್ಕೇ ತೆಗ್ದೆ."

"ಅಷ್ಟು ಉಪ್ಪಾ ಅಮ್ಮಾ?"

"ಮಗೀಗಾದ್ರೆ ಒಂದ್ ಮುಷ್ಟಿ ಸಾಕು. ಇಷ್ಟ್ ದೊಡ್ ಗೂಡ್ಗೆ ಮುಷ್ಟಿ ಯಾವ ಮೂಲೆಗಾದದು?"

ಮೇಷ್ಟ್ರು ತಲೆ ಮೇಲೆ ಕೈ ಇಟ್ಟುಕೊಂಡು ಸೌದೆ ರಾಶಿಯ ಮೇಲೆ ಕೂತರು. ಬಾಯಿ ಮುಚ್ಚಿ ಅಂತ ಮಾತ್ರ ಹೇಳಿದರು, ಅಂದರೆ ಗೂಡಿನ ಬಾಯಿ. ಇಟ್ಟಿಗೆ ಇಟ್ಟು ಮಣ್ಣು ಮೆತ್ತಿದೆವು. ಸಣ್ಣಪ್ಪ ನನ್ನ ಕಿವಿಯ ಹತ್ತಿರ ಬಂದು, "ನಿಮ್ಮವ್ವ ನಾಕು ತಾಲೂಕ್ನೂ ಒಂದೇ ಸಲ ಉಪ್ಪಾಕ್ಬುಟ್ಲು ಕಣ್ಲಾ," ಅಂದ. ನನಗೆ ನಗು ಬರಲಿಲ್ಲ. ಕೊಡಗಿನ ಲೈನು ಮನೆ ಕಣ್ಣ ಮುಂದೆ ಬಂದಿತ್ತು.

ಗೂಡು ಆರುವವರೆಗೆ ಅವ್ವ ಅಲ್ಲೇ ಉಳಿದಳು. ಬಾಯಿ ತೆಗೆದಾಗ ಮೇಷ್ಟ್ರು ಮೊದಲು ಮೇಲಿನ ಹಲಗೆಗಳಿಗೆ ಕೈ ಹಾಕಿದರು. ಹೂಜಿ ತಟ್ಟೆಗಳು ಪೂರಾ ಕೆಟ್ಟಿರಲಿಲ್ಲ. ಹಸಿರಿನ ಮೇಲೆ ಅಲ್ಲಲ್ಲಿ ಕಂದು ಮೋಡ ಹಾದಿತ್ತು. ಸಣ್ಣಪ್ಪ ತನ್ನ ತಟ್ಟೆ ತಿರುಗಿಸಿ ನೋಡಿ, "ಇದೇ ಚೆಂದಾಗದೆ, ನಂಗ್ ಇಂಗೇ ಬೇಕಿತ್ತು," ಅಂದ. ನನ್ನ ಒಳ್ಳೆ ಜಾಡಿ ಕಂಡಿತು. ಹಸಿರಾಗಿ ಮಿರುಗುತ್ತಿತ್ತು. ಎತ್ತಲು ಹೋದೆ. ಬರಲಿಲ್ಲ. ತಳಕ್ಕೆ ನಾನು ಬಳಿದ ಎರಡು ಕೈ ಮೆರುಗು ಕರಗಿ ಇಳಿದು, ಜಾಡಿಯನ್ನು ಹಲಗೆಗೆ ಬೆಸೆದುಬಿಟ್ಟಿತ್ತು. ಮೇಷ್ಟ್ರು ಉಳಿ ಇಟ್ಟು ಹಗುರಾಗಿ ಒಂದು ಏಟು ಕೊಟ್ಟರು. ಜಾಡಿ ಎರಡಾಯಿತು.

ನಾನು ಅಲ್ಲೇ ಕೂತೆ. ಮೇಷ್ಟ್ರು ಬೈಯಲಿಲ್ಲ. ಅವರು ಬೆಂಕಿಯ ಬಾಯಿಯ ಕಡೆ ಬಗ್ಗಿದ್ದವರು ಹಾಗೇ ನಿಂತುಬಿಟ್ಟಿದ್ದರು.

"ಶೆಟ್ಟೀ, ಬಾ ಇಲ್ಲಿ."

ಜ್ವಾಲೆಗೆ ಅಡ್ಡ ನಿಲ್ಲಿಸಿದ್ದ ವಾಲಿದ ಜಾಡಿ ಅದು. ಏನನ್ನೂ ಬಳಿದಿರಲಿಲ್ಲ, ಒಮ್ಮೆಯೂ ಸುಟ್ಟಿರಲಿಲ್ಲ, ಹಸಿ ಮಣ್ಣಾಗಿ ಒಳಗೆ ಹೋಗಿತ್ತು. ಈಗ ಅದರ ಮೈಮೇಲೆ ಜೇನಿನ ಬಣ್ಣದ ಗಾಜು. ನಯವಾಗಿಲ್ಲ, ಕಿತ್ತಳೆ ಹಣ್ಣಿನ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ. ಸುತ್ತಲಿನ ಇಟ್ಟಿಗೆಯೂ ಅದೇ ಗಾಜು ತೊಟ್ಟಿತ್ತು. ಮುಟ್ಟಿದೆ. ಇನ್ನೂ ಬೆಚ್ಚಗಿತ್ತು. ಬೆರಳಲ್ಲಿ ಬಡಿದೆ. ಮಡಕೆಯ ಸದ್ದಲ್ಲ, ಗುಡಿಯ ಗಂಟೆಯ ಸದ್ದು ಬಂತು.

"ಕಾರ್ಖಾನೆಯಲ್ಲಿ ಪೈಪಿಗೆ ನಾನೇ ಸಲಿಕೆಯಿಂದ ಉಪ್ಪು ಹಾಕ್ತಿದ್ದೆ," ಅಂದರು ಮೇಷ್ಟ್ರು, ತಮಗೇ ಹೇಳಿಕೊಂಡ ಹಾಗೆ. "ಅಷ್ಟು ಬಿಸಿಯಲ್ಲಿ ಉಪ್ಪು ಆವಿ ಆಗ್ತದೆ. ಆವಿ ಮಣ್ಣನ್ನು ಹಿಡಿದು ಗಾಜು ಮಾಡ್ತದೆ. ಚರಂಡಿ ಪೈಪು ಅಂತ ಮಾತ್ರ ತಿಳಿದಿದ್ದೆ. ಉಪ್ಪಿನಕಾಯಿ ಜಾಡಿ ಅಂತ ತಲೆಗೆ ಬರಲಿಲ್ಲ." ಆಮೇಲೆ ಅವ್ವನ ಕಡೆ ತಿರುಗಿ, "ಅಮ್ಮಾ, ಸ್ವಲ್ಪ ಮುಂಚೆ ಹಾಕಿದ್ದರೆ ಕಾವು ಸಾಲದೆ ಈ ಗಾಜು ಬರ್ತಿರಲಿಲ್ಲ," ಅಂದರು.

"ನಂಗೇನ್ ಗೊತ್ತಪ್ಪ. ದೃಷ್ಟಿ ಓಯ್ತಲ್ಲ, ಸಾಕು," ಅಂದಳು ಅವ್ವ.

ಅಜ್ಜಿ, ಅಜ್ಜಿಯ ಅಜ್ಜಿ, ನಮ್ಮ ಬೀದಿಯ ಹೆಂಗಸರೆಲ್ಲ ಇಷ್ಟು ಕಾಲ ಉಪ್ಪು ಹಾಕುತ್ತಲೇ ಬಂದಿದ್ದರು. ಬೆಂಕಿ ಸಾಲುತ್ತಿರಲಿಲ್ಲ. ಮಡಕೆಯನ್ನು ತಿನ್ನುವ ಉಪ್ಪು ಅಷ್ಟು ಕಾವಿನಲ್ಲಿ ಮಡಕೆಗೆ ಚರ್ಮ ಆಗುತ್ತದೆ ಅಂತ ಯಾರಿಗೆ ಹೊಳೆದೀತು. ಆ ಜಾಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು.

ಹೊರಡುವಾಗ ಮೇಷ್ಟ್ರು ಸುಳ್ಳು ಭರವಸೆ ಕೊಡಲಿಲ್ಲ. "ಬೆಂಕಿ ನೋಡಿದ ಪಕ್ಕ ಚೆನ್ನಾಗಿದೆ. ಹಿಂದಿನ ಪಕ್ಕ ತೆಳು. ಒಳಗೆ ಮೆರುಗು ಹೋಗಿಲ್ಲ. ಮಣ್ಣು ಗಟ್ಟಿ ಬೆಂದಿದೆ, ಅದರ ಮೇಲೆ ನಂಬಿಕೆ ಇಡು. ಉಪ್ಪು ಹಿಡೀತದೋ ಇಲ್ಲವೋ ಹಾಕಿಯೇ ನೋಡಬೇಕು," ಅಂದರು.

ಊರಿಗೆ ತಂದ ಮೇಲೆ ಅಣ್ಣ ಜಾಡಿಯನ್ನು ತಿರುಗಿಸಿ ನೋಡಿ, "ಭುಜ ಯಾಕ್ಲಾ ವಾಲಿರದು?" ಅಂತ ಮಾತ್ರ ಕೇಳಿದ. ಕಂಠದವರೆಗೆ ಉಪ್ಪುನೀರು ತುಂಬಿ ಜಗಲಿಯ ಮೇಲಿಟ್ಟ. ಪಕ್ಕದಲ್ಲೇ ತಾನು ಮಾಡಿದ ಹೊಸ ಮಡಕೆಯಲ್ಲೂ ಅದೇ ಉಪ್ಪುನೀರು ತುಂಬಿಟ್ಟ. ಬಿಸಿಲು ಏರಿತ್ತು. ಮಡಕೆ ಬೇಗ ಬೆವರಿತು. ಯುಗಾದಿಯ ಹೊತ್ತಿಗೆ ಅದರ ಸುತ್ತ ಬೂದಿ ಬಳಿದ ಹಾಗೆ ಬಿಳಿ ಕಟ್ಟಿತು. ಜಾಡಿಯ ಮುಂದಿನ ಪಕ್ಕ ಒಣಗಿತ್ತು. ಹಿಂದಿನ ಪಕ್ಕ ಗೋಡೆಗಿತ್ತು. ನನಗೆ ತಿರುಗಿಸಿ ನೋಡುವ ಧೈರ್ಯ ಬರಲಿಲ್ಲ. ಅಣ್ಣ ದಿನವೂ ಅದರ ಮುಂದೆ ಓಡಾಡಿದ, ಮುಟ್ಟಲಿಲ್ಲ. ಅತ್ತಿಗೆ ಪಾತ್ರೆ ಬಟ್ಟೆ ಗಂಟು ಕಟ್ಟಿ ಮೂಲೆಗಿಟ್ಟಳು. ಲಾರಿ ಬರುವ ಹಿಂದಿನ ಸಂಜೆ ಮೊದಲ ಮಳೆ ನಾಲ್ಕು ಹನಿ ಬಿದ್ದು ಜಗಲಿಯೂ ನೆನೆಯಿತು.

ಲಾರಿ ಬಂದದ್ದು ಬೆಳಿಗ್ಗೆ. ಮೇಸ್ತ್ರಿ ಬೀದಿಯ ತುದಿಯಿಂದ ಹಾರ್ನು ಹೊಡೆಸಿ, ಹತ್ತಿ ಹತ್ತಿ ಅಂತ ಕೂಗುತ್ತಾ ಬಂದ. ಪಕ್ಕದ ಮನೆಯವರು ಆಗಲೇ ಹತ್ತುತ್ತಿದ್ದರು. ಅಣ್ಣ ಟವಲು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ಜಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಎರಡು ಕೈಯಲ್ಲಿ ಹಿಡಿದು ನಿಧಾನ ತಿರುಗಿಸಿದ. ಹಿಂದಿನ ಪಕ್ಕ ಹೊರಗೆ ಬಂತು. ಅಲ್ಲಿ ಹೊಳಪು ಇರಲಿಲ್ಲ, ಕಂದು ಮಣ್ಣು. ತಳದ ಅಂಚಿನಲ್ಲಿ ತೇವದಂಥ ಕಪ್ಪು ಗೆರೆ.

ಅಣ್ಣ ಆ ಗೆರೆಯ ಮೇಲೆ ಉದ್ದಕ್ಕೂ ಬೆರಳು ಎಳೆದ. ಬೆರಳನ್ನು ನಾಲಿಗೆಗೆ ಇಟ್ಟುಕೊಂಡ. ನಾವೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದೆವು. ಅವನು ಇನ್ನೊಂದು ಸಲ ಎಳೆದ, ಇನ್ನೊಂದು ಸಲ ನೆಕ್ಕಿದ.

"ಏನ್ ಮಾದಶೆಟ್ಟಿ, ಒತ್ತಾಯ್ತು, ಅತ್ತೀಯೋ ಇಲ್ವೋ?" ಅಂತ ಮೇಸ್ತ್ರಿ ಅಂಗಳದಿಂದ ಕೇಳಿದ.

ಅಣ್ಣ ಅವನ ಕಡೆ ತಿರುಗಲಿಲ್ಲ. ನನ್ನನ್ನು ನೋಡಿದ.

"ಮಳೆನೀರ್ ಕಣ್ಲಾ ಇದು," ಅಂದ. "ಸಪ್ಪೆ."